ಅಮ್ಮನಿಗೆ ಸಂಧಿವಾತ, ನನಗೆ ಎಎನ್‌ಎ ಪಾಸಿಟಿವ್: ಜೀನ್ ಟೆಸ್ಟ್ ಬೇಕೇ?

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಕೊಡಗಿನ ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿದ್ದೇನೆ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆ ಕೀಲುಗಳ ಮೇಲೇ ತಿರುಗಿಬೀಳುವ ಕಾಯಿಲೆ), ಅದರ ಪ್ರತಿಕಾಯವಾದ ಆ್ಯಂಟಿ-ಸಿಸಿಪಿ ಪಾಸಿಟಿವ್. ಗಂಡನ ಒಕ್ಕದಲ್ಲೂ (ತಂದೆಯ ಕಡೆಯ ಕುಲ) ಇಬ್ಬರು ಹಿರಿಯರಿಗೆ ಮಂಡಿನೋವು. ಹೆಲ್ತ್ ಚೆಕಪ್‌ನಲ್ಲಿ ನನ್ನ ಎಎನ್‌ಎ (ಕೋಶಕೇಂದ್ರದ ವಿರುದ್ಧ ಹುಟ್ಟುವ ಪ್ರತಿಕಾಯದ ಪರೀಕ್ಷೆ) 1:80 ಪಾಸಿಟಿವ್ ಬಂದಿದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಬೆರಳು ಬಿಗಿಯುತ್ತದೆ. ಮಗು ಬೇಕೆಂದಿದ್ದೇವೆ. ಜೀನ್ ಟೆಸ್ಟ್ ಮಾಡಿಸಲೇ?

ಉತ್ತರ: ಮೊದಲು ಒಕ್ಕದ ಲೆಕ್ಕ ಸರಿಮಾಡಿಕೊಳ್ಳೋಣ. ಗಂಡನ ಒಕ್ಕದ ಹಿರಿಯರಿಗೂ ನಿಮಗೂ ರಕ್ತಸಂಬಂಧವಿಲ್ಲ. ವಯಸ್ಸಾದವರ ಮಂಡಿನೋವು ಬಹುಪಾಲು ಸವೆತದ್ದು, ಅದು ಬೇರೆಯೇ ಕಾಯಿಲೆ. ನಿಮ್ಮ ಅಮ್ಮನೂ ನಿಮ್ಮ ತವರಿನ ಒಕ್ಕಕ್ಕೆ ಮದುವೆಯಾಗಿ ಬಂದವರೇ. ಹಾಗಾಗಿ ವಿಚಾರಿಸಬೇಕಾದದ್ದು ಅಮ್ಮ ಹುಟ್ಟಿದ ಮನೆಯ ಕಡೆ: ಅವರ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರು. ವೈದ್ಯರಿಗೆ ಈ ಪಟ್ಟಿ ಕೊಡಿ.

ಅಮ್ಮನಿಂದ ಬರಬಹುದಾದದ್ದು ಕಾಯಿಲೆಯಲ್ಲ, ಒಲವು. ಆರನೇ ಕ್ರೋಮೋಸೋಮಿನಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1 ಜೀನ್ ಒಂದು ತಟ್ಟೆಯಂಥ ಪ್ರೋಟೀನ್ ತಯಾರಿಸುತ್ತದೆ. ಪ್ರೋಟೀನ್ ಚೂರುಗಳನ್ನು ಟಿ-ಕೋಶಕ್ಕೆ (ರಕ್ಷಣೆಯ ಬಿಳಿರಕ್ತಕಣ) ತೋರಿಸುವುದು ಆ ತಟ್ಟೆಯ ಕೆಲಸ. ಕೆಲವರಲ್ಲಿ ಅದರ 70ರಿಂದ 74ನೇ ಅಮೈನೋ ಆಮ್ಲಗಳು ಒಂದೇ ಬಗೆಯವು. ಇದಕ್ಕೆ 'ಶೇರ್ಡ್ ಎಪಿಟೋಪ್' ಎಂಬ ಹೆಸರು, 1987ರಿಂದ ಚರ್ಚೆಯಲ್ಲಿದೆ. ಆ ಜಾಗದ ಕುಳಿಗೆ ಧನ ವಿದ್ಯುದಂಶ. ಅರ್ಜಿನಿನ್ ಎಂಬ ಅಮೈನೋ ಆಮ್ಲಕ್ಕೂ ಅದೇ, ಆದ್ದರಿಂದ ಅಲ್ಲಿ ಕೂರುವುದಿಲ್ಲ. ಕಿಣ್ವವೊಂದು ಅರ್ಜಿನಿನ್ ಅನ್ನು ಸಿಟ್ರುಲಿನ್ ಮಾಡಿದಾಗ ಆ ಅಂಶ ಹೋಗುತ್ತದೆ, ಚೂರು ಗಟ್ಟಿಯಾಗಿ ಕೂರುತ್ತದೆ. ಟಿ-ಕೋಶ ನೋಡುತ್ತದೆ, ಪ್ರತಿಕಾಯ ತಯಾರಿಸುವ ಬಿ-ಕೋಶವನ್ನು ಎಬ್ಬಿಸುತ್ತದೆ, ಆ್ಯಂಟಿ-ಸಿಸಿಪಿ ಹುಟ್ಟುತ್ತದೆ. ಬೀಡಿ-ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಇದೇ ಸಿಟ್ರುಲಿನ್ ಕೆಲಸವನ್ನು ಹೆಚ್ಚಿಸುತ್ತದೆ. ಜೀನ್ ಬದಲಿಸಲಾಗದು, ಹೊಗೆ ಬಿಡಬಹುದು.

ಹಾಗಿದ್ದೂ ಜೀನ್ ಟೆಸ್ಟ್ ಬೇಡ. ಜೀನಿನ ಇದೇ ರೂಪ ಇರುವ ಬಹುಪಾಲು ಜನ ಆರೋಗ್ಯವಾಗಿದ್ದಾರೆ. ಒಂದೇ ಜೀನ್ ಸಂಪುಟವಿರುವ ಅವಳಿಗಳಲ್ಲಿ ಒಬ್ಬರಿಗೆ ಈ ಸಂಧಿವಾತ ಬಂದರೂ ಇನ್ನೊಬ್ಬರಿಗೆ ಬರುವುದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಅಂಚೆಯಲ್ಲಿ ಉಗುಳು ಕಳಿಸುವ ಕಿಟ್‌ಗಳಂತೂ ಇನ್ನೂ ಬೇಡ: ಅವು ಎಣಿಸುವ ಪಿಟಿಪಿಎನ್22 ಎಂಬ ಇನ್ನೊಂದು ಒಲವಿನ ಜೀನಿನ 620ನೇ ಸ್ಥಾನದ ಬದಲಾವಣೆ ಯುರೋಪಿಯನ್ನರಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ.

ಇನ್ನು ಎಎನ್‌ಎ. 1:80 ಎಂದರೆ ಸೀರಮ್ಮನ್ನು 80 ಪಟ್ಟು ತೆಳುವಾಗಿಸಿದರೂ ಕೋಶಕೇಂದ್ರ ಹೊಳೆಯಿತು ಎಂದಷ್ಟೇ. ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು 13 ಮಂದಿಗೆ ಹೀಗೆ ಬರುತ್ತದೆ. ಕ್ಷಯದ ಐಸೋನಿಯಾಜಿಡ್ ಮಾತ್ರೆಯಿಂದಲೂ ಬರಬಹುದು. ಅಮ್ಮನ ಕಾಯಿಲೆಗೆ ಇದು ಪರೀಕ್ಷೆಯೇ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ಚರ್ಮ, ಕಿಡ್ನಿ, ಕೀಲುಗಳನ್ನು ಕಾಡುವ ಲೂಪಸ್ ಬಳಗದ ಕಾಯಿಲೆಗಳಿಗೆ ನೋಡುವುದು. ಬಿಸಿಲಿಗೆ ಕೆನ್ನೆ ಮೇಲೆ ದದ್ದು, ಬಾಯಿಹುಣ್ಣು, ನೊರೆ ಮೂತ್ರ ಇದ್ದರೆ ಮಾತ್ರ ಮುಂದುವರಿಯಬೇಕು. ಒಂದು ವಿಷಯ ನಿಮಗೆ ಮುಖ್ಯ: ಕಣ್ಣು-ಬಾಯಿ ಒಣಗುತ್ತಿದ್ದರೆ ಗರ್ಭಕ್ಕೆ ಮೊದಲೇ ಆ್ಯಂಟಿ-ರೋ ಎಂಬ ಪ್ರತಿಕಾಯದ ಪರೀಕ್ಷೆ ಬೇರೆಯಾಗಿ ಕೇಳಿ. ಎಎನ್‌ಎ ನೆಗೆಟಿವ್ ಬಂದರೂ ರಕ್ತದಲ್ಲಿ ಆ್ಯಂಟಿ-ರೋ ಇರುವುದುಂಟು. ಆ್ಯಂಟಿ-ರೋ ಪಾಸಿಟಿವ್ ಇದ್ದ ತಾಯಂದಿರಲ್ಲಿ ನೂರಕ್ಕೆ ಒಬ್ಬಿಬ್ಬರ ಮಗುವಿಗೆ ಹಾರ್ಟ್ ಬ್ಲಾಕ್ (ಹೃದಯದ ಬಡಿತ ನಿಧಾನವಾಗುವುದು) ಆಗುತ್ತದೆ, ಅದೂ ಹೆಚ್ಚಾಗಿ 18ರಿಂದ 26ನೇ ವಾರದಲ್ಲಿ. ಮೊದಲೇ ಗೊತ್ತಿದ್ದರೆ ಭ್ರೂಣದ ಎಕೋ ಮಾಡಿಸುತ್ತ ಹೋಗಬಹುದು.

ಬೆರಳ ಬಿಗಿತಕ್ಕೆ ಗಡಿಯಾರ ಹಿಡಿಯಿರಿ. ಎದ್ದ ಹೊತ್ತು, ಮುಷ್ಟಿ ಪೂರ್ತಿ ಮಡಚಲಾಗುವ ಹೊತ್ತು, ಎರಡನ್ನೂ ಎರಡು ವಾರ ಬರೆದಿಡಿ. ಐದು-ಹತ್ತು ನಿಮಿಷದಲ್ಲಿ ಬಿಟ್ಟರೆ ಥಂಡಿ. ಅರ್ಧ ಗಂಟೆ ದಾಟಿದರೆ, ಕೈಕುಲುಕುವ ಹಾಗೆ ಗಿಣ್ಣುಗಳನ್ನು ಅಡ್ಡಲಾಗಿ ಅಮುಕಿದಾಗ ನೋವಾದರೆ, ಉಂಗುರ ಏರದಿದ್ದರೆ ಆ್ಯಂಟಿ-ಸಿಸಿಪಿ, ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರತಿಕಾಯ), ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಮಾಡಿಸಿ. ಆ್ಯಂಟಿ-ಸಿಸಿಪಿ ಲ್ಯಾಬಿನ ಮಿತಿಯ ಮೂರು ಪಟ್ಟು ದಾಟಿದ್ದರೆ ತೂಕ ಹೆಚ್ಚು. ಆರ್‌ಎಫ್ ಒಂದೇ ಪಾಸಿಟಿವ್ ಇದ್ದರೆ ಗಾಬರಿ ಬೇಡ, ಹೆಪಟೈಟಿಸ್ ಸಿ, ಕ್ಷಯದಲ್ಲೂ ಏರುತ್ತದೆ. ಇತ್ತೀಚೆಗೆ ಚಿಕೂನ್‌ಗುನ್ಯಾ ಆಗಿತ್ತೇ ಎಂಬುದನ್ನೂ ಹೇಳಿ. ಅದರ ಕೀಲುನೋವು ತಿಂಗಳುಗಟ್ಟಲೆ ಥೇಟ್ ಹೀಗೇ ಇರುತ್ತದೆ.

ವೈದ್ಯರು ಕೈ ಮುಟ್ಟಿ ನೋಡುವ ಮೊದಲು ಅಂಗಡಿಯ 'ವಾತದ ಮಾತ್ರೆ' ನುಂಗಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಊತವೂ ಸಿಆರ್‌ಪಿಯೂ ಇಳಿದು, ಅವರಿಗೆ ನೋಡಲು ಏನೂ ಉಳಿದಿರುವುದಿಲ್ಲ.