ವಾಲ್ಯೂಮ್ ಇಳಿಸಿದರೆ ಗಿಟಾರ್ ಯಾಕೆ ಸಪ್ಪೆ ಆಗುತ್ತೆ?

ಪ್ರಶ್ನೆ: ಮೇಡಂ, ನನ್ನದು 40 ವಾಟ್‌ನ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಓಡುವ ಗಿಟಾರ್ ಆಂಪ್ಲಿಫೈಯರ್). ಬ್ಯಾಂಡ್ ಜೊತೆ ನುಡಿಸುವಾಗ ಅದರ ಸೌಂಡ್ ಕೇಳಿ ನನಗೇ ಖುಷಿಯಾಗುತ್ತದೆ. ಅದೇ ಸೆಟ್ಟಿಂಗ್ ಇಟ್ಟುಕೊಂಡು ರಾತ್ರಿ ಮನೆಯಲ್ಲಿ ವಾಲ್ಯೂಮ್ ಇಳಿಸಿದರೆ ಸೊಳ್ಳೆ ಗುಂಯ್ ಅಂದ ಹಾಗಿರುತ್ತದೆ. ಪಕ್ಕದ ರೂಮಿನಲ್ಲಿ ಮಗು ಮಲಗಿರುವುದರಿಂದ ಜೋರು ಮಾಡುವ ಹಾಗಿಲ್ಲ. 5 ವಾಟ್‌ನ ಚಿಕ್ಕ ಆಂಪ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ತಗೊಳ್ಳುವ ಮೊದಲು ಸ್ವಲ್ಪ ತಡೆಯಿರಿ. 40ರಿಂದ 5 ವಾಟ್‌ಗೆ ಇಳಿದರೆ ಸದ್ದೂ ಎಂಟರಲ್ಲೊಂದು ಪಾಲಾಗುತ್ತದೆ ಎಂದು ಲೆಕ್ಕ ಹಾಕಿರುತ್ತೀರಿ. ಕಿವಿಯ ಲೆಕ್ಕ ಹಾಗಿಲ್ಲ. ಇಳಿಯುವುದು 9 ಡೆಸಿಬೆಲ್ ಅಷ್ಟೇ, ಕೇಳುವವರಿಗೆ ಹೆಚ್ಚುಕಡಿಮೆ ಅರ್ಧ ಸದ್ದು. 12 ಇಂಚಿನ ಸಾಮಾನ್ಯ ಗಿಟಾರ್ ಸ್ಪೀಕರ್‌ಗೆ ಬರೀ 1 ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಬರುತ್ತದೆ. ಅಂಥ ಸ್ಪೀಕರಿಗೆ 5 ವಾಟ್ ಆಂಪ್ ಹಾಕಿ ಪೂರ್ತಿ ತಿರುಗಿಸಿದರೆ ಮಗು ಏಳುವುದಿರಲಿ, ಬೀದಿಯೇ ಏಳುತ್ತದೆ.

ಆಂಪ್ ರಿಪೇರಿ ಮಾಡಿ ಬದುಕುವವಳು ನಾನು. "ಸೌಂಡ್ ಸತ್ತುಹೋಗಿದೆ" ಎಂದು ನನ್ನ ಮೇಜಿಗೆ ಬರುವ ಆಂಪ್‌ಗಳಲ್ಲಿ ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಕೇಳುವ ಕಿವಿಯ ನಡತೆ ಬದಲಾಗಿರುತ್ತದೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಸದ್ದು ಜೋರಾಗಿದ್ದಾಗ ಬೇಸ್, ಮಿಡ್, ಟ್ರೆಬಲ್, ಅಂದರೆ ತಗ್ಗಿನ, ನಡುವಿನ, ಮೇಲಿನ ಸ್ವರಗಳು, ನಮಗೆ ಹೆಚ್ಚು ವ್ಯತ್ಯಾಸವಿಲ್ಲದೆ ಕೇಳಿಸುತ್ತವೆ. ಸದ್ದು ಇಳಿದಂತೆ ಬೇಸ್ ಎಲ್ಲಕ್ಕಿಂತ ಬೇಗ ಮಾಯವಾಗುತ್ತದೆ. ತೀರ ಮೇಲಿನ ಟ್ರೆಬಲ್ ಕೂಡ ಮಂಕಾಗುತ್ತದೆ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್. ಬ್ಯಾಂಡಿನಲ್ಲಿ ಎದೆಗೆ ಗುದ್ದುತ್ತಿದ್ದ ಆ ತಂತಿ ರಾತ್ರಿ ಹೊತ್ತು ಇದ್ದೂ ಇಲ್ಲದಂತೆ. ಹಳೇ ಸ್ಟೀರಿಯೋಗಳಲ್ಲಿ ‘ಲೌಡ್‌ನೆಸ್’ ಅಂತ ಒಂದು ಗುಂಡಿ ಇರುತ್ತಿತ್ತು, ನೆನಪಿದೆಯಲ್ವಾ? ಕಡಿಮೆ ವಾಲ್ಯೂಮ್‌ನಲ್ಲಿ ಈ ಕೊರತೆ ತುಂಬಲೆಂದೇ ಅದು ಇದ್ದದ್ದು.

ಹಾಗಂತ ಬೇಸ್ ನಾಬ್ ಪೂರ್ತಿ ತಿರುಗಿಸಬೇಡಿ. ಗೋಡೆ ದಾಟಿ ಮಗುವಿನ ಕಡೆ ಹೋಗುವುದೂ ಬೇಸೇ. ಸ್ವಲ್ಪ ಏರಿಸಿ, ಸಾಕು. ಅದಕ್ಕಿಂತ ಒಳ್ಳೇ ಉಪಾಯ ಆಂಪನ್ನೇ ಹತ್ತಿರಕ್ಕೆ ತಂದುಕೊಳ್ಳುವುದು. ದೂರ ಅರ್ಧವಾದಾಗಲೆಲ್ಲ ಸ್ಪೀಕರಿನಿಂದ ನೇರ ಬರುವ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಮೀಟರ್ ಆಚೆ ನೆಲದ ಮೇಲಿರುವ ಆಂಪನ್ನು ಗಟ್ಟಿ ಕುರ್ಚಿಯ ಮೇಲಿಟ್ಟು, ಅರ್ಧ ಮೀಟರ್ ದೂರದಲ್ಲಿ ಕೂತು ನೋಡಿ. ವಾಲ್ಯೂಮನ್ನು ಧಾರಾಳವಾಗಿ ಇಳಿಸಿದರೂ ನಿಮಗೆ ಮೊದಲಿನಷ್ಟೇ ಕೇಳಿಸುತ್ತದೆ, ಪಕ್ಕದ ರೂಮಿಗೆ ಮಾತ್ರ ಕಡಿಮೆ ಹೋಗುತ್ತದೆ. ಆಂಪ್ ಅಡಿಗೆ ಒಂದು ದಪ್ಪ ಫೋಮ್ ಇರಲಿ. ಸ್ಪೀಕರಿನ ಮುಖ ನೇರ ಕಿವಿಗೆ ಬೇಡ, ಓರೆಯಾಗಿರಲಿ. ಟ್ರೆಬಲ್ ಅದರ ನಡುವಿನಿಂದ ನೆಟ್ಟಗೆ ಬಂದು ಚುಚ್ಚುತ್ತದೆ. ಇಷ್ಟು ದಿನ ಅದು ನಿಮ್ಮ ಮೊಣಕಾಲಿಗೆ ಹೊಡೆಯುತ್ತಿತ್ತು, ಹಾಗಾಗಿ ಗೊತ್ತಾಗಿಲ್ಲ.

ಈಗ ಒಂದು ಪರೀಕ್ಷೆ. ಆಂಪ್ ಆಫ್ ಮಾಡಿ, ನೀವು ರಾತ್ರಿ ನುಡಿಸುವ ರಿಫ್ ಅನ್ನೇ ಎಂದಿನಷ್ಟೇ ಜೋರಾಗಿ ನುಡಿಸಿ. ತಂತಿಗೆ ಪಿಕ್ ತಾಗುವ ಟಿಕ್ ಟಿಕ್, ಫ್ರೆಟ್ ಮೇಲೆ ತಂತಿ ಕಿರ್ ಅನ್ನುವುದು, ಜೊತೆಗೊಂದು ತೆಳ್ಳನೆ ಟಿಣ್. ಎಲ್ಲಾ ಎಷ್ಟು ಚೆನ್ನಾಗಿ ಕೇಳುತ್ತಿದೆ ನೋಡಿ! ಬ್ಯಾಂಡಿನಲ್ಲಿ ಇದು ಪೂರ್ತಿ ಮುಳುಗಿ ಹೋಗುತ್ತದೆ. ರಾತ್ರಿಯ ವಾಲ್ಯೂಮ್‌ನಲ್ಲಿ ಆಂಪಿನ ಸದ್ದಿಗೆ ಸಮನಾಗಿ ನಿಂತು ಅದರೊಂದಿಗೆ ಬೆರೆಯುತ್ತದೆ. ನಿಮ್ಮ ಸೊಳ್ಳೆಯಲ್ಲಿ ಅರ್ಧ ಇಲ್ಲೇ ಸಿಕ್ಕಿತು. ಕೈ ಹಗುರ ಮಾಡಿ, ಪಿಕ್ಕಿನ ಮೊನೆ ಬೆರಳುಗಳಿಂದ ಸ್ವಲ್ಪ ಮಾತ್ರ ಹೊರಗಿರುವಂತೆ ಹಿಡಿದು ನುಡಿಸಿ. ಆಂಪ್ ನಾಬ್ ಯಾವುದನ್ನೂ ಮುಟ್ಟದೆ ಸೌಂಡ್ ದುಂಡಗಾಗುತ್ತದೆ.

ಜೋರು ವಾಲ್ಯೂಮ್‌ನಲ್ಲಿ ಇನ್ನೊಂದು ಲಾಭ ಇದೆ. ಸ್ಪೀಕರಿನ ಸದ್ದೇ ತಂತಿಯನ್ನು ಮತ್ತೆ ಅಲುಗಿಸುತ್ತದೆ, ಸ್ವರ ನಿಲ್ಲುತ್ತದೆ. ಮನೆಯಲ್ಲಿ ಆ ಬಲ ಇಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಗೇನ್, ಅಂದರೆ ಆಂಪಿನ ಮೊದಲ ಹಂತದಲ್ಲಿ ಸಿಗ್ನಲ್‌ಗೆ ಕೊಡುವ ಬಲ, ಏರಿಸುವುದು. ದಯವಿಟ್ಟು ಬೇಡ. ಗೇನ್ ಜಾಸ್ತಿಯಾದಷ್ಟೂ ಸ್ಸ್ ಅನ್ನುವ ಹಿಸ್ ಏರುತ್ತದೆ, ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬ್ಯಾಂಡಿಗೆ ಇಡುವುದಕ್ಕಿಂತ ಕಡಿಮೆ ಗೇನ್ ಇಡಿ, ಸ್ವರ ನಿಲ್ಲಲು ಕಂಪ್ರೆಸರ್ ಪೆಡಲನ್ನು ಹಗುರವಾಗಿ ಬಳಸಿ. ಓವರ್‌ಡ್ರೈವ್ ಪೆಡಲ್ ಇದ್ದರೆ ಅದರ ಡ್ರೈವ್ ಕಡಿಮೆ, ಲೆವೆಲ್ ಜಾಸ್ತಿ. ಚೂರು ರಿವರ್ಬ್ ಸೇರಿಸಿ. ಇಷ್ಟು ಸಣ್ಣ ಸದ್ದಿಗೆ ರೂಮಿನ ಪ್ರತಿಧ್ವನಿ ಕಿವಿಗೆ ಸಿಗುವುದೇ ಇಲ್ಲ, ಅದಕ್ಕೇ ಒಣಒಣ ಅನ್ನಿಸುವುದು.

ಟ್ಯೂಬ್ ವಿಷಯ ಕೊನೆಗೆ ಇಟ್ಟುಕೊಂಡೆ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ, ನನಗದು ಸರಿ ಕಾಣುವುದಿಲ್ಲ. ಆ ಮೊದಲ ಹಂತದ, ಅಂದರೆ ಪ್ರಿಆಂಪಿನ, ಚಿಕ್ಕ 12ಎಎಕ್ಸ್7 ಟ್ಯೂಬ್‌ಗಳು ಯಾವ ವಾಲ್ಯೂಮ್‌ನಲ್ಲೂ ಡಿಸ್ಟಾರ್ಟ್ ಆಗಿ ಸದ್ದನ್ನು ಒರಟು ಮಾಡಬಲ್ಲವು. ಅದರ ನಂತರದ ಸದ್ದನ್ನಷ್ಟೇ ಇಳಿಸುವ ಮಾಸ್ಟರ್ ವಾಲ್ಯೂಮ್ ಇರುವುದೇ ಅದಕ್ಕೆ. ಇಎಲ್34, 6ಎಲ್6 ತರಹದ, ಸ್ಪೀಕರನ್ನು ಓಡಿಸುವ ಪವರ್ ಟ್ಯೂಬ್‌ಗಳು ದುಡಿದು ಬಿಸಿಯೇರಿದ ಸೌಂಡ್ ಕೊಡಬೇಕಾದರೆ ಆಂಪ್ ಜೋರಾಗೇ ಓಡಬೇಕು. ಅದೇ ಬೇಕೆಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್, ಅಂದರೆ ಸ್ಪೀಕರಿಗೆ ಹೋಗುವ ಪವರ್ ತಗ್ಗಿಸುವ ಪೆಟ್ಟಿಗೆ, ಹಾಕಿ. ಆಂಪಿನ ಓಮ್ಸ್‌ಗೆ, ವಾಟ್‌ಗೆ ಹೊಂದುವಂಥದ್ದೇ ಇರಬೇಕು. ಆದರೆ ಅಟೆನ್ಯುಯೇಟರ್ ಕಿವಿಯನ್ನು ರಿಪೇರಿ ಮಾಡಲ್ಲ. ಅದನ್ನು ಹಾಕಿಯೂ "ಸೌಂಡ್ ಹೀರಿಬಿಡ್ತು" ಅನ್ನುವವರು ಎಷ್ಟೋ ಸಲ ದೂರುತ್ತಿರುವುದು ತಮ್ಮ ಕಿವಿಯನ್ನೇ.

ವಾಲ್ಯೂಮ್ ನಾಬ್ ಸೊನ್ನೆಯಲ್ಲಿ ಮೌನ, ಕೂದಲೆಳೆ ತಿರುಗಿಸಿದರೆ ಕಿರುಚಾಟ ಅಂತಾದರೆ, ಆಂಪಿನ ಹಿಂದೆ ಎಫೆಕ್ಟ್ಸ್ ಲೂಪ್, ಅಂದರೆ ಪೆಡಲ್ ಸೇರಿಸಲು ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್, ಇದೆಯಾ ನೋಡಿ. ಸೆಂಡ್ ಮತ್ತು ರಿಟರ್ನ್ ನಡುವೆ ಒಂದು ವಾಲ್ಯೂಮ್ ಪೆಡಲ್ ಹಾಕಿ ಇಳಿಸಿಟ್ಟರೆ ಮುಂದಿನ ನಾಬ್ ಆರಾಮಾಗಿ ತಿರುಗುತ್ತದೆ. ಮನೆಯ ಸೆಟ್ಟಿಂಗನ್ನು ಬೇಸ್, ಮಿಡ್, ಟ್ರೆಬಲ್ ಎಲ್ಲವನ್ನೂ ನಡುವಿಗೆ ತಂದು ಹೊಸದಾಗಿ ಕಟ್ಟಿ, ಒಂದು ಚೀಟಿಯಲ್ಲಿ ಬರೆದು ಆಂಪಿಗೆ ಅಂಟಿಸಿ. ಬ್ಯಾಂಡಿಗೆ ಹೋದಾಗ ಅದನ್ನೇ ಇಟ್ಟು ನುಡಿಸಬೇಡಿ, ಬೇಸ್ ಗಿಟಾರ್ ನುಡಿಸುವವರು ಬೈತಾರೆ.

ಪ್ರಶ್ನೆ: ಅಕ್ಕಾ, ನಾನು ಕಾಲೇಜು ಹುಡುಗ. ಡಿಸ್ಟಾರ್ಶನ್ ಪೆಡಲ್‌ನಿಂದ ನೇರ ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸ್‌ಗೆ ಹಾಕಿ ಹೆಡ್‌ಫೋನ್‌ನಲ್ಲಿ ಕೇಳ್ತೀನಿ. ಕರಕರ ಅನ್ನುತ್ತೆ. ಪೆಡಲ್ ಬದಲಾಯಿಸಲಾ?

ಉತ್ತರ: ಪೆಡಲ್ ಚೆನ್ನಾಗೇ ಇದೆ ಕಣೋ, ನಿನ್ನ ದಾರಿಯಲ್ಲಿ ಸ್ಪೀಕರ್ ಇಲ್ಲ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಶನ್ನಿನ ಕರಕರವನ್ನು ಅದೇ ನುಂಗುತ್ತಿತ್ತು. ಹೆಡ್‌ಫೋನ್ ಎಲ್ಲವನ್ನೂ ಹಾಗೇ ಕೇಳಿಸುತ್ತದೆ. ಕಂಪ್ಯೂಟರಿನಲ್ಲಿ ಆಂಪ್ ಸಿಮ್ಯುಲೇಟರ್ ಹಾಕಿ, ಅದರ ಕೊನೆಗೆ ಕ್ಯಾಬಿನೆಟ್ ಐಆರ್, ಅಂದರೆ ಇಂಪಲ್ಸ್ ರೆಸ್ಪಾನ್ಸ್ ಹಾಕು. ನಿಜವಾದ ಸ್ಪೀಕರ್, ಅದರ ಮುಂದಿಟ್ಟ ಮೈಕ್, ಎರಡರ ಗುಣವನ್ನೂ ಅಳೆದಿಟ್ಟ ಪುಟ್ಟ ಫೈಲ್ ಅದು. ಉಚಿತವಾಗಿ ಬೇಕಾದಷ್ಟು ಸಿಗುತ್ತವೆ. ಎರಡು ಮೂರು ಇಟ್ಟುಕೋ, ನೂರಾರು ಇಳಿಸಿಕೊಂಡರೆ ನುಡಿಸುವ ಹೊತ್ತೆಲ್ಲ ಅದನ್ನು ಬದಲಾಯಿಸುವುದರಲ್ಲೇ ಹೋಗುತ್ತದೆ. ಹೆಡ್‌ಫೋನ್ ವೈರ್ ಇರುವುದೇ ಆಗಲಿ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ನಿನ್ನ ತಂತಿಯ ಟಿಣ್ ಕೇಳಿಸದಿರಲಿ ಅಂದರೆ ಕಿವಿ ಪೂರ್ತಿ ಮುಚ್ಚುವಂಥದ್ದು ತಗೋ. ವಾಲ್ಯೂಮ್ ಕಡಿಮೆ ಇಡು. ಹೆಡ್‌ಫೋನ್‌ನಲ್ಲಿ ಅಕ್ಕಪಕ್ಕದವರು ಬೈಯಲ್ಲ, ಹಾಗಾಗಿ ಎಷ್ಟು ಏರಿತು ಅಂತ ಗೊತ್ತೇ ಆಗಲ್ಲ.

ಪ್ರಶ್ನೆ: ಕಂಪ್ಯೂಟರ್ ಮುಂದೆ ಕೂತರೆ ಗಿಟಾರ್ ಗುಂ ಅನ್ನುತ್ತದೆ. ದೂರ ಹೋದರೆ ಕಡಿಮೆ. ಯಾಕೆ?

ಉತ್ತರ: ನಿಮ್ಮದು ಸಿಂಗಲ್ ಕಾಯಿಲ್ ಪಿಕಪ್ ಇರಬೇಕು. ತಂತಿಯ ಅಲುಗಾಟ ಹಿಡಿಯುವ ಅದರ ಒಂಟಿ ಕಾಯಿಲ್ ಕಂಪ್ಯೂಟರಿನ ವಿದ್ಯುತ್ ಗದ್ದಲವನ್ನೂ ಹಿಡಿಯುತ್ತದೆ. ಕೂತಲ್ಲೇ ನಿಧಾನಕ್ಕೆ ಪಕ್ಕಕ್ಕೆ ತಿರುಗಿ, ಒಂದು ದಿಕ್ಕಿನಲ್ಲಿ ಗುಂ ಬಹುತೇಕ ಅಡಗುತ್ತದೆ. ಹಾಗೇ ಕೂತು ನುಡಿಸಿ. ಈ ತೊಂದರೆಗೆಂದೇ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯಿಲ್‌ಗಳ ಹಂಬಕರ್ ಮಾಡಿ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು.

ಪ್ರಶ್ನೆ: ನನ್ನ ಟ್ಯೂಬ್ ಆಂಪ್ ಹಿಂದೆ ಲೈನ್ ಔಟ್ ಇದೆ. ಸ್ಪೀಕರ್ ಕೇಬಲ್ ಕಿತ್ತು, ಲೈನ್ ಔಟ್‌ನಿಂದ ಮಾತ್ರ ನುಡಿಸಿದರೆ ಸದ್ದೇ ಬರಲ್ಲ ಅಲ್ವಾ?

ಉತ್ತರ: ಕೀಳಬೇಡಿ! ಲೋಡ್, ಅಂದರೆ ಆಂಪಿನ ಪವರ್ ಹೀರಿಕೊಳ್ಳುವ ಸ್ಪೀಕರ್ ಅಥವಾ ಅದರ ಬದಲಿ, ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಶನ್ ಸುಡುತ್ತದೆ. ಒಮ್ಮೆ ಸುಟ್ಟರೆ ಆಂಪಿನಲ್ಲಿ ಅತಿ ದುಬಾರಿ ಭಾಗಗಳಲ್ಲೊಂದನ್ನು ಬದಲಾಯಿಸಬೇಕು. ನನಗೆ ಕೆಲಸ ಸಿಗುತ್ತೆ, ನಿಜ. ನಿಮ್ಮ ಆಂಪ್‌ನ ಮ್ಯಾನ್ಯುಯಲ್‌ನಲ್ಲಿ ಒಳಗೇ ಲೋಡ್ ಇದೆ, ಸ್ಪೀಕರ್ ಇಲ್ಲದೆ ಓಡಿಸಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಸರಿ. ಇಲ್ಲದಿದ್ದರೆ ಸ್ಪೀಕರ್ ಜಾಗಕ್ಕೆ ಅದೇ ಓಮ್ಸ್‌ನ ಲೋಡ್ ಬಾಕ್ಸ್ ಹಾಕಿ, ಅಲ್ಲಿಂದ ಲೈನ್ ತಗೊಳ್ಳಿ. ಕೇಬಲ್ ಬದಲಾಯಿಸುವಾಗ ಆಂಪ್ ಆಫ್ ಇರಲಿ. ಆ ಕೇಬಲ್ ಕೂಡ ಸ್ಪೀಕರ್ ಕೇಬಲ್ಲೇ ಆಗಿರಬೇಕು, ಗಿಟಾರ್ ಕೇಬಲ್ ಅಲ್ಲ. ಜ್ಯಾಕ್ ಒಂದೇ ತರಹ ಇರುತ್ತದೆ, ಒಳಗಿನ ತಂತಿಯ ದಪ್ಪ ಬೇರೆ.