ದಣಿಯದವಳು ತಡವಾಗುವುದೇಕೆ?

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಬ್ಯಾಡ್ಮಿಂಟನ್ ಆಡುತ್ತಾಳೆ. ದಿನವೂ ಐದು ಕಿಲೋಮೀಟರ್ ಓಡುವುದರಿಂದ ಪಂದ್ಯ ಎಷ್ಟು ಹೊತ್ತು ನಡೆದರೂ ದಣಿಯುವುದಿಲ್ಲ. ಆದರೆ ಷಟಲ್ ಬಳಿಗೆ ಮಾತ್ರ ಸದಾ ತಡವಾಗಿ ತಲುಪುತ್ತಾಳೆ. ಓಟವನ್ನು ಇನ್ನೂ ಹೆಚ್ಚಿಸಬೇಕೇ? ಅಥವಾ ಚುರುಕುತನವೆಂಬುದು ಹುಟ್ಟಿನಿಂದಲೇ ಬರಬೇಕೇ?

ಉತ್ತರ: ಓಟವನ್ನು ಹೆಚ್ಚಿಸುವುದು ಬೇಡ. ದೂರದ ಓಟದಿಂದ ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ ಬೆಳೆಯುತ್ತದೆ; ಅದು ನಿಮ್ಮ ಮಗಳಿಗೆ ಈಗಾಗಲೇ ಇದೆ. ಆಟಕ್ಕೆ ಬೇಕಾದ ಕೌಶಲಸಂಬಂಧಿ ಅಂಶಗಳು ಬೇರೆ: ವೇಗ, ಚುರುಕುತನ, ಸಮತೋಲನ, ಅಂಗಾಂಗಗಳ ಹೊಂದಾಣಿಕೆ, ಸ್ಫೋಟಕ ಶಕ್ತಿ (ಕ್ಷಣದಲ್ಲಿ ಪೂರ್ಣ ಬಲ ಹಾಕುವುದು) ಮತ್ತು ಪ್ರತಿಕ್ರಿಯಾ ಸಮಯ (ಕಂಡದ್ದಕ್ಕೆ ಅಥವಾ ಕೇಳಿದ್ದಕ್ಕೆ ಸ್ಪಂದಿಸಲು ಹಿಡಿಯುವ ಕಾಲ). ತಾಳಿಕೆಯು ಇವುಗಳನ್ನು ಪಂದ್ಯದ ಕೊನೆಯವರೆಗೆ ಕಾಪಾಡಬಲ್ಲದೇ ಹೊರತು ಇವುಗಳ ಸ್ಥಾನವನ್ನು ತುಂಬಲಾರದು.

ತಡವಾಗುವುದನ್ನು ಕಂಡ ಕೂಡಲೇ ಹೆಚ್ಚಿನವರು ಪ್ರತಿಕ್ರಿಯಾ ಸಮಯವನ್ನು ದೂರುತ್ತಾರೆ. ಅದನ್ನು ಮನೆಯಲ್ಲೇ ಅಳೆಯಬಹುದು. ಆಕೆಯ ತೆರೆದ ಬೆರಳುಗಳ ನಡುವೆ 30 ಸೆಂಟಿಮೀಟರಿನ ಅಳತೆಪಟ್ಟಿಯ ಸೊನ್ನೆಯ ತುದಿ ಇರುವಂತೆ ಹಿಡಿದು, ಸೂಚನೆ ಕೊಡದೆ ಬಿಡಿ. ಆಕೆ ಅದನ್ನು 20 ಸೆಂಟಿಮೀಟರಿನಷ್ಟು ಬೀಳುವುದರೊಳಗೆ ಹಿಡಿದರೆ ಸುಮಾರು 0.2 ಸೆಕೆಂಡಿನಲ್ಲಿ ಪ್ರತಿಕ್ರಿಯಿಸಿದಂತಾಯಿತು. ಇಂಥ ಸರಳ ಪ್ರತಿಕ್ರಿಯೆ ಅಭ್ಯಾಸದಿಂದ ಹೆಚ್ಚೇನೂ ಸುಧಾರಿಸುವುದಿಲ್ಲ, ಅದರಿಂದ ಚಿಂತಿಸಬೇಕಾದದ್ದೂ ಇಲ್ಲ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರ್ ಓಟವನ್ನು 9.58 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಉಸೇನ್ ಬೋಲ್ಟ್ ಅವರ ಪ್ರತಿಕ್ರಿಯಾ ಸಮಯ 0.146 ಸೆಕೆಂಡ್, ಅವರಿಗಿಂತ ಬೇಗ ಹೊರಟವರು ಅದೇ ಓಟದಲ್ಲಿ ಇದ್ದರು. ಅಭ್ಯಾಸದಿಂದ ನಿಜವಾಗಿ ಬೆಳೆಯುವುದು ಮುನ್ನರಿವು. ಎದುರಾಳಿಯ ಭುಜ, ಮಣಿಕಟ್ಟು, ರಾಕೆಟ್ಟಿನ ಮುಖ ಯಾವ ಕಡೆ ತಿರುಗುತ್ತಿವೆ ಎಂಬುದನ್ನು ಓದಬಲ್ಲ ಆಟಗಾರ್ತಿ, ಷಟಲ್ ಹಾರುವ ಮೊದಲೇ ಹೆಜ್ಜೆ ಇಡಲು ಸಿದ್ಧಳಾಗಿರುತ್ತಾಳೆ.

ಚುರುಕುತನದ ಅಭ್ಯಾಸದಲ್ಲಿಯೂ ಇದನ್ನೇ ಗಮನಿಸಬೇಕು. ಸಾಲಾಗಿಟ್ಟ ಕೋನ್‌ಗಳ ನಡುವೆ ಮೊದಲೇ ಗೊತ್ತಿರುವ ದಾರಿಯಲ್ಲಿ ಓಡಿದರೆ ದಿಕ್ಕು ಬದಲಿಸುವ ಕಾಲುಗಳಷ್ಟೇ ಪಳಗುತ್ತವೆ. ಕಂಡದ್ದಕ್ಕೆ ತಕ್ಕಂತೆ ತಕ್ಷಣ ದಿಕ್ಕು ಆರಿಸುವುದು ಅದರಿಂದ ಬರುವುದಿಲ್ಲ. ಆದ್ದರಿಂದ ನೀವು ಎದುರು ನಿಂತು ಕೈಯಿಂದ ದಿಕ್ಕು ತೋರಿಸಿ, ಆಕೆ ಅದನ್ನು ನೋಡಿದ ಮೇಲೆಯೇ ಹೊರಡಲಿ. ಹೊರಡುವಷ್ಟೇ ಮುಖ್ಯವಾದದ್ದು ನಿಲ್ಲುವುದು: ಮಂಡಿ ಬಗ್ಗಿಸಿ, ದೇಹವನ್ನು ತಗ್ಗಿಸಿ ನಿಲ್ಲಲಾಗದವರಿಗೆ ಮರಳುವ ಹೆಜ್ಜೆ ತಡವಾಗುತ್ತದೆ, ಸಮತೋಲನದ ಕೊರತೆ ಹೆಚ್ಚಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಪ್ರತಿ ಸುತ್ತು ಹತ್ತು ಸೆಕೆಂಡನ್ನು ಮೀರದಿರಲಿ, ನಡುವೆ ಉಸಿರು ಸಂಪೂರ್ಣ ತಹಬಂದಿಗೆ ಬರಲಿ. ಇದನ್ನು ದಿನದ ಅಭ್ಯಾಸದ ಆರಂಭದಲ್ಲಿ, ಮೈ ಬೆಚ್ಚಗಾದ ಕೂಡಲೇ ಮಾಡಿಸಬೇಕು. ದಣಿದ ಮೇಲೆ ಮಾಡಿಸಿದರೆ ದೇಹ ನಿಧಾನದ ಚಲನೆಯನ್ನೇ ಕಲಿಯುತ್ತದೆ.

ಹುಟ್ಟಿನ ಪಾಲು ಇಲ್ಲವೆಂದು ನಾನು ಹೇಳಲಾರೆ. ಸ್ನಾಯುಗಳಲ್ಲಿ ವೇಗದ ಎಳೆಗಳ, ಅಂದರೆ ಬೇಗನೆ ಸಂಕುಚಿಸುವ ಎಳೆಗಳ, ಪ್ರಮಾಣ ಬಹುಮಟ್ಟಿಗೆ ಆನುವಂಶಿಕ. ಆದರೆ ಹೊಂದಾಣಿಕೆ, ಸಮತೋಲನ ಮತ್ತು ಚುರುಕುತನ ಅಭ್ಯಾಸಕ್ಕೆ ಚೆನ್ನಾಗಿ ಒಲಿಯುತ್ತವೆ. ಈ ವಯಸ್ಸಿನಲ್ಲಿ ಎತ್ತರ ಬೇಗನೆ ಹೆಚ್ಚಿದಾಗ ಹೊಂದಾಣಿಕೆ ಕೆಲಕಾಲ ತಪ್ಪುವುದುಂಟು, ಅದಕ್ಕಾಗಿ ಮಗುವನ್ನು ದಯವಿಟ್ಟು ಗದರಿಸಬೇಡಿ. ಸ್ಫೋಟಕ ಶಕ್ತಿಗಾಗಿ ಜಿಗಿತಗಳನ್ನು ಸೇರಿಸುವ ಮುನ್ನ, ಮಂಡಿಗಳು ಒಳಕ್ಕೆ ವಾಲದಂತೆ ಮೃದುವಾಗಿ ನೆಲಕ್ಕಿಳಿಯುವುದನ್ನು ಕಲಿಸಿ. ಮಂಡಿಯಲ್ಲಿ ನೋವು ಕಾಣಿಸಿಕೊಂಡರೆ ಜಿಗಿತವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.