ಕೋಟಿಗಟ್ಟಲೆ ವಹಿವಾಟು ಸರಿ, ಊರಿನಲ್ಲಿ ಉಳಿದದ್ದೆಷ್ಟು?

ಪ್ರಶ್ನೆ: ನಾನು ಶಿಡ್ಲಘಟ್ಟದವನು, ಅಪ್ಪ ರೀಲರ್, ಅಂದರೆ ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವರು. ನಮ್ಮ ತಾಲ್ಲೂಕಿಗೆ ರೇಷ್ಮೆಯಿಂದ ಎಷ್ಟು ಲಾಭ ಅಂತ ಎಂ.ಕಾಂ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಗೂಡಿನ ಮಾರುಕಟ್ಟೆಯ ವಹಿವಾಟು, ನೂಲಿನ ಮಾರಾಟ, ಆ ನೂಲಿನಿಂದಾಗುವ ಸೀರೆಗಳ ಮಾರಾಟ ಮೂರನ್ನೂ ಕೂಡಿಸಿದೆ. ಭಾರಿ ಮೊತ್ತ ಬಂತು. ಗೈಡ್ ಮೇಡಂ ನೋಡಿ ನಕ್ಕುಬಿಟ್ಟರು. ಎಲ್ಲಿ ತಪ್ಪಿದೆ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ನಾನೂ ಮೊದಲ ವರದಿಯಲ್ಲಿ ಇದೇ ತಪ್ಪು ಮಾಡಿದ್ದೆ. ಅದನ್ನು ಓದಿದ ಹಿರಿಯರೊಬ್ಬರು, "ನಿಮ್ಮ ಲೆಕ್ಕ ನಿಜವಾದರೆ ನಮ್ಮ ತಾಲ್ಲೂಕಿನವರು ಬೆಂಗಳೂರನ್ನೇ ಕೊಂಡುಕೊಳ್ಳಬಹುದಲ್ಲ" ಅಂದಿದ್ದರು.

ನೀವು ಒಂದೇ ಗೂಡನ್ನು ಮೂರು ಸಲ ಎಣಿಸಿದ್ದೀರಿ. ಒಂದು ಕಿಲೋ ನೂಲಿನ ಕಥೆ ತೆಗೆದುಕೊಳ್ಳೋಣ. ದರಗಳು ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಅಪ್ಪನನ್ನು ಕೇಳಿ ತಿದ್ದಿಕೊಳ್ಳಿ. ಸುಮಾರು 7 ಕಿಲೋ ಗೂಡು ಬೇಕು. ಕಿಲೋಗೆ 500 ರೂಪಾಯಿಯಂತೆ 3,500. ಆ ನೂಲು 4,200ಕ್ಕೆ ಹೋಯಿತು. ಅದರಲ್ಲಿ ಎರಡು ಸೀರೆ ಆಗಿ 14,000ಕ್ಕೆ ಮಾರಾಟವಾಯಿತು ಅನ್ನಿ. ಮೂರನ್ನೂ ಕೂಡಿಸಿದರೆ 21,700. ಆದರೆ 14,000ದ ಒಳಗೇ ನೂಲಿನ 4,200 ಇದೆ. ಅದರೊಳಗೆ ಗೂಡಿನ 3,500 ಇದೆ. ಹಾಗಾಗಿ ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ ಬೆಲೆಯನ್ನು ಮಾತ್ರ ಕೂಡಿಸಬೇಕು.

ಇನ್ನೊಂದು ಪ್ರಶ್ನೆ ಇದೆ, ನನ್ನ ಪ್ರಕಾರ ಇದೇ ಮುಖ್ಯ. ಗಡಿ ಎಲ್ಲಿ ಎಳೆಯುತ್ತೀರಿ? ನೀವು ಲೆಕ್ಕ ಹಾಕುತ್ತಿರುವುದು ತಾಲ್ಲೂಕಿನದು. ನೂಲು ಧರ್ಮಾವರಕ್ಕೋ ಕಾಂಚೀಪುರಕ್ಕೋ ಹೋದರೆ ನೇಯ್ಗೆಯ ದುಡ್ಡು ಅಲ್ಲಿನದು. ಸೀರೆಯ ಜರಿಯ ದುಡ್ಡಂತೂ ಸೂರತ್ ತನಕ ಹೋಗುತ್ತದೆ. ನಿಮ್ಮ ಲೆಕ್ಕ 4,200ಕ್ಕೆ ನಿಲ್ಲಬೇಕು. ನಿಮ್ಮ ಮಾರುಕಟ್ಟೆಗೆ ಹೊರಗಿನ ಗೂಡೂ ಬರುತ್ತದೆ ಅಲ್ವಾ? ಅರ್ಧ ಗೂಡು ಬೇರೆ ಜಿಲ್ಲೆಯದು ಅಂದರೆ 1,750 ರೂಪಾಯಿ ಆ ರೈತರ ಮನೆಗೆ ಹೋಯಿತು. ನಿಮ್ಮ ರೈತ ಹೊರಗಿನಿಂದ ತಂದ ಗೊಬ್ಬರ, ಔಷಧಿ, ರೇಷ್ಮೆ ಹುಳದ ಮೊಟ್ಟೆಗೆ 400 ಕಳೆಯಿರಿ. ರೀಲಿಂಗ್‌ಗೆ ಬೇಕಾದ ಸೌದೆ, ಕರೆಂಟಿಗೆ 200 ಕಳೆಯಿರಿ. ಉಳಿದದ್ದು 1,850. ನೀವು ಹೊರಟದ್ದು 21,700ರಿಂದ!

ಕಳೆಯಬಾರದ್ದೂ ಒಂದಿದೆ. ಹುಳಕ್ಕೆ ಸೊಪ್ಪು ಹಾಕುವವರ ಕೂಲಿ, ಗೂಡು ಬೇಯಿಸಿ ನೂಲು ತೆಗೆಯುವವರ ಕೂಲಿ ಖರ್ಚು ಅಂತ ಬರೆದು ಕಳೆಯುವವರನ್ನು ನೋಡಿದ್ದೇನೆ. ಮಾಲೀಕನಿಗೆ ಅದು ಖರ್ಚು, ತಾಲ್ಲೂಕಿಗೆ ಅದೇ ಆದಾಯ. ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ಹುಳ) ಮಾರಿದ ದುಡ್ಡನ್ನೂ ಸೇರಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಆಮೇಲೆ ಬರುವುದು ಗುಣಕ, ಅಂದರೆ ಬಂದ ದುಡ್ಡು ಊರೊಳಗೇ ಸುತ್ತಿ ಎಷ್ಟು ಪಟ್ಟು ಆಗುತ್ತದೆ ಅನ್ನುವ ಲೆಕ್ಕ. ರೀಲರ್ ಮನೆಗೆ ಬಂದ 100 ರೂಪಾಯಿಯಲ್ಲಿ 40 ಊರಿನ ಅಂಗಡಿ, ಹೋಟೆಲ್, ಟೈಲರ್‌ಗೆ ಹೋಯಿತು ಅನ್ನಿ. ಅವರು ಅದರಲ್ಲಿ 16 ಊರಲ್ಲೇ ಖರ್ಚು ಮಾಡುತ್ತಾರೆ. ಆಮೇಲೆ 6 ಚಿಲ್ಲರೆ. ಹೀಗೆ ಸುತ್ತಿ ಸುತ್ತಿ 100 ರೂಪಾಯಿ ಸುಮಾರು 167 ಆಗುತ್ತದೆ. 40ರ ಬದಲು 60 ಊರಲ್ಲೇ ಖರ್ಚಾದರೆ 250. ಅಂದರೆ ಗುಣಕದ ಗುಟ್ಟೆಲ್ಲ ದುಡ್ಡು ಎಷ್ಟು ಬೇಗ ಊರು ಬಿಡುತ್ತದೆ ಅನ್ನುವುದರಲ್ಲಿದೆ. ಚಿಕ್ಕ ಊರಲ್ಲಿ ಬೇಗ ಬಿಡುತ್ತದೆ. ಮದುವೆ ಜವಳಿಗೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ಬೆಂಗಳೂರೇ ತಾನೆ?

ದೇಶದ ಮಟ್ಟದಲ್ಲಿ ಇದಕ್ಕೆ ಇನ್‌ಪುಟ್-ಔಟ್‌ಪುಟ್ ಕೋಷ್ಟಕ ಬಳಸುತ್ತಾರೆ. ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ಕೊಳ್ಳುತ್ತದೆ ಅನ್ನುವ ಪಟ್ಟಿ ಅದು. ಈ ವಿಧಾನಕ್ಕೇ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಫ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ದೇಶದ ಗುಣಕವನ್ನು ತಂದು ತಾಲ್ಲೂಕಿಗೆ ಅಂಟಿಸಬೇಡಿ, ಜಾಸ್ತಿ ಬರುತ್ತದೆ. ಅದರ ಬದಲು 30 ರೀಲರ್ ಮನೆಗಳಿಗೆ ಹೋಗಿ, ಹೋದ ತಿಂಗಳು ಏನನ್ನು ಎಲ್ಲಿ ಕೊಂಡಿರಿ ಅಂತ ಕೇಳಿ. ಆ ಊರಿನವರೇ ಆದ ನಿಮಗೆ ಈ ಉತ್ತರ ಸಿಕ್ಕಷ್ಟು ಸಲೀಸಾಗಿ ನನಗೆ ಸಿಗುವುದಿಲ್ಲ.

ಪ್ರಶ್ನೆ: ನಾನು ಭದ್ರಾವತಿಯವನು, ಉಕ್ಕಿನ ಕಾರ್ಖಾನೆಯ ನಿವೃತ್ತ ನೌಕರ. ಕಾರ್ಖಾನೆಯ ಒಂದು ಕೆಲಸ ಊರಿನಲ್ಲಿ ಐದು ಕೆಲಸ ಹುಟ್ಟಿಸುತ್ತದೆ ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಇದು ನಿಜವೇ ಸಾರ್?

ಉತ್ತರ: ಐದು ಅನ್ನುವುದಕ್ಕೆ ಲೆಕ್ಕದ ಆಧಾರ ಕೇಳಿದರೆ ಭಾಷಣಕಾರರು ತಡವರಿಸುತ್ತಾರೆ. ಕಾಯಂ ನೌಕರನ ಸಂಬಳ ಹುಟ್ಟಿಸುವ ಕೆಲಸವೇ ಬೇರೆ, ಗುತ್ತಿಗೆ ಕಾರ್ಮಿಕನದೇ ಬೇರೆ. ಆದರೆ ನಿಮ್ಮ ಊರಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು. ಕಾರ್ಖಾನೆ ಇಲ್ಲದಿದ್ದರೆ ಈ ಜನ ಏನು ಮಾಡುತ್ತಿದ್ದರು?

25ರ ಹುಡುಗ ಬೆಂಗಳೂರಿಗೆ ಬಸ್ಸು ಹತ್ತುತ್ತಾನೆ. ಅಲ್ಲಿ ಅಷ್ಟೇ ಸಂಬಳ ಸಿಕ್ಕರೆ ರಾಜ್ಯದ ಲೆಕ್ಕದಲ್ಲಿ ನಷ್ಟ ಕಡಿಮೆ. ಭದ್ರಾವತಿಯ ಲೆಕ್ಕದಲ್ಲಿ ಪೂರ್ತಿ ನಷ್ಟ. 50 ದಾಟಿದ ಕುಲುಮೆ ಕೆಲಸಗಾರನಿಗೆ ಬೇರೆಲ್ಲೂ ಅವನ ಕಸುಬಿಗೆ ಬೆಲೆ ಸಿಗುವುದಿಲ್ಲ. ಆ ನಷ್ಟ ಎಲ್ಲ ಲೆಕ್ಕದಲ್ಲೂ ನಷ್ಟವೇ. ಮುಚ್ಚಿದರೆ ಏನೂ ಆಗುವುದಿಲ್ಲ ಅನ್ನುವವರೂ, ಎಲ್ಲ ಮುಳುಗುತ್ತದೆ ಅನ್ನುವವರೂ ಯಾವ ಗಡಿಯ ಲೆಕ್ಕ ಅಂತ ಹೇಳುವುದೇ ಇಲ್ಲ.

1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಊರು ನಿಮ್ಮದು. ಪಕ್ಕದಲ್ಲೇ ಕಾಗದ ಕಾರ್ಖಾನೆಯೂ ಬಂತು, ಅದರ ಯಂತ್ರಗಳು ನಿಂತು ವರ್ಷಗಳೇ ಆದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು ಬಂದಾಗಲೇ ಎಲ್ಲರೂ ಎಚ್ಚರಾದರು. ಆದರೆ ಜನಗಣತಿ ಮೊದಲೇ ಹೇಳಿತ್ತು. 2001ರಲ್ಲಿ ಸುಮಾರು 1.6 ಲಕ್ಷ ಇದ್ದ ಊರಿನ ಜನಸಂಖ್ಯೆ 2011ಕ್ಕೆ ಸುಮಾರು 1.5 ಲಕ್ಷಕ್ಕೆ ಇಳಿದಿತ್ತು. ಅದೇ ಹತ್ತು ವರ್ಷದಲ್ಲಿ ಶಿವಮೊಗ್ಗ ಸುಮಾರು 2.7 ಲಕ್ಷದಿಂದ 3.2 ಲಕ್ಷಕ್ಕೆ ಏರಿತು. ಹಾಗಂತ ಶಿವಮೊಗ್ಗದ ಜೊತೆ ಹೋಲಿಸಿ ನಷ್ಟ ಅಳೆಯಬೇಡಿ. ನಿಮ್ಮೂರು ಬಿಟ್ಟವರು ಅಲ್ಲೇ ಮನೆ ಮಾಡಿದ್ದರೆ ಒಂದೇ ಕುಟುಂಬ ಎರಡು ಕಡೆಯೂ ಲೆಕ್ಕಕ್ಕೆ ಬಂದು ಅಂತರ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಮಾತು. ಬೀಗ ಬಿದ್ದ ಮರುವರ್ಷವೇ ಅಳೆದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಸ್ವಯಂ ನಿವೃತ್ತಿಯ ದುಡ್ಡು ನಾಲ್ಕಾರು ವರ್ಷ ಅಂಗಡಿಗಳನ್ನು ನಡೆಸುತ್ತದೆ. ಮನೆ ಬಾಡಿಗೆ, ಒಂದನೇ ಕ್ಲಾಸಿಗೆ ಸೇರುವ ಮಕ್ಕಳ ಸಂಖ್ಯೆ, ಅಂಗಡಿಗಳ ಕರೆಂಟ್ ಬಿಲ್ಲು, ಇವನ್ನು ವರ್ಷ ವರ್ಷ ಬರೆದಿಡಿ. ನಿಮ್ಮ ಭಾಷಣಕ್ಕೆ ಐದು ಅನ್ನುವುದಕ್ಕಿಂತ ಇದು ಬಲ ಕೊಡುತ್ತದೆ.

ಪ್ರಶ್ನೆ: ನಮ್ಮೂರಿಗೆ ಎಂಜಿನಿಯರಿಂಗ್ ಕಾಲೇಜು ಬಂದರೆ ವಿದ್ಯಾರ್ಥಿಗಳ ಖರ್ಚೆಲ್ಲ ಊರಿಗೆ ಲಾಭ ಅಂತಾರೆ. ಹೌದಾ?

ಉತ್ತರ: ಹೊರಗಿನಿಂದ ಬಂದು ರೂಮು ಮಾಡಿದವರ ಖರ್ಚು ಸೇರಿಸಿ. ಕಾಲೇಜು ಇಲ್ಲದಿದ್ದರೆ ಊರು ಬಿಟ್ಟು ಓದಲು ಹೋಗುತ್ತಿದ್ದ ಮಕ್ಕಳದ್ದೂ ಸೇರಿಸಿ. ಹೇಗಿದ್ದರೂ ಊರಲ್ಲೇ ಇರುತ್ತಿದ್ದವರದ್ದು ಬಿಡಿ, ಅವರು ಮೊದಲೂ ಇಲ್ಲೇ ಊಟ ಮಾಡುತ್ತಿದ್ದರು.

ಪ್ರಶ್ನೆ: ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಶಕ್ತಿ ಯೋಜನೆ ಬಗ್ಗೆ ಮನೆಯಲ್ಲಿ ದಿನಾ ಜಗಳ. ನಮ್ಮ ಯಜಮಾನರು ಎಲ್ಲ ದಂಡ ಅಂತಾರೆ. ಝೀರೋ ಟಿಕೆಟ್‌ಗಳ ಬೆಲೆ ಕೂಡಿಸಿದರೆ ಅಷ್ಟೂ ಹೆಂಗಸರಿಗೆ ಆದ ಲಾಭ ಅಂತ ನಾನು ಹೇಳ್ತೀನಿ. ಯಾರು ಸರಿ?

ಉತ್ತರ: ಇಬ್ಬರೂ ಪೂರ್ತಿ ಸರಿ ಅಲ್ಲ ಅಮ್ಮ. ಆದರೂ ನೀವು ಸ್ವಲ್ಪ ಹತ್ತಿರ ಇದ್ದೀರಿ.

60 ರೂಪಾಯಿ ಟಿಕೆಟ್ಟಿನ ದಾರಿಯಲ್ಲಿ ಒಬ್ಬಾಕೆ ಮೊದಲು ವಾರಕ್ಕೆ ಒಂದು ಸಲ ಹೋಗುತ್ತಿದ್ದಳು, ಈಗ ಮೂರು ಸಲ ಹೋಗುತ್ತಾಳೆ ಅನ್ನಿ. ಝೀರೋ ಟಿಕೆಟ್ ಲೆಕ್ಕ 180. ಮೊದಲ ಸಲದ್ದು ಪೂರ್ತಿ 60 ಉಳಿತಾಯ. ಇನ್ನೆರಡು ಸಲ? ಅದಕ್ಕೆ 60 ಕೊಡಲು ಆಕೆ ತಯಾರಿರಲಿಲ್ಲ, ಅದಕ್ಕೇ ಮೊದಲು ಹೋಗುತ್ತಿರಲಿಲ್ಲ. ಅವುಗಳ ಬೆಲೆ ಸೊನ್ನೆಗೂ 60ಕ್ಕೂ ನಡುವೆ ಎಲ್ಲೋ ಇದೆ. ಸಾಮಾನ್ಯವಾಗಿ ಅರ್ಧ ಹಿಡಿಯುತ್ತೇವೆ. ಹಾಗಾಗಿ ಆಕೆಗೆ ಆದ ಲಾಭ 120.

ಇದರಲ್ಲಿ ಮೊದಲ 60 ಸರ್ಕಾರದ ಜೇಬಿನಿಂದ ಆಕೆಯ ಜೇಬಿಗೆ ಬಂದದ್ದು. ರಾಜ್ಯಕ್ಕೆ ಹೊಸ ಸಂಪತ್ತು ಬರಬೇಕಾದರೆ ಆಕೆ ದೂರದ, ಜಾಸ್ತಿ ಸಂಬಳದ ಕೆಲಸಕ್ಕೆ ಸೇರಿರಬೇಕು, ತರಕಾರಿಯನ್ನು ದೊಡ್ಡ ಸಂತೆಗೆ ಒಯ್ದಿರಬೇಕು, ಇಂಥದ್ದೇನೋ ಆಗಿರಬೇಕು. ಖಾಲಿ ಸೀಟಿನಲ್ಲಿ ಕೂತರೆ ಸಾರಿಗೆ ನಿಗಮಕ್ಕೆ ಹೆಚ್ಚು ಖರ್ಚಿಲ್ಲ. ಹೊಸ ಬಸ್ಸು ಬಿಡಬೇಕಾದರೆ ಡೀಸೆಲ್ಲು, ಡ್ರೈವರ್ ಸಂಬಳ ಎಲ್ಲ ನಿಜವಾದ ಖರ್ಚು. ಗಿರಾಕಿ ಕಳೆದುಕೊಂಡ ಆಟೋದವರನ್ನೂ ಮರೆಯುವಂತಿಲ್ಲ.

ಯೋಜನೆಗೆ ಮೊದಲು, ಆಮೇಲೆ ಅಂತ ಬರೀ ಕರ್ನಾಟಕವನ್ನು ನೋಡಿದರೆ ಸಾಲದು. ಅಷ್ಟರಲ್ಲಿ ಕೂಲಿ, ಬೆಲೆ ಎಲ್ಲ ಬದಲಾಗಿರುತ್ತವೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಕನಿಷ್ಠ ಕೂಲಿ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯಾಚೆಯ ಪೆನ್ಸಿಲ್ವೇನಿಯಾದ ಹೋಟೆಲುಗಳನ್ನೂ ನೋಡಿದರು. ಎರಡೂ ಕಡೆ ಕೆಲಸಗಾರರ ಸಂಖ್ಯೆಯಲ್ಲಾದ ಬದಲಾವಣೆಯ ಅಂತರವನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಬಳ್ಳಾರಿಯವರಿಗೆ ಇದು ಅನುಕೂಲ. ಶಕ್ತಿ ಶುರುವಾಗಿದ್ದು 2023ರ ಜೂನ್ 11ರಂದು. ಪಕ್ಕದ ಆಂಧ್ರದಲ್ಲಿ ಇಂಥದ್ದೇ ಯೋಜನೆ ಬಂದದ್ದು 2025ರ ಆಗಸ್ಟ್ 15ಕ್ಕೆ. ನಡುವಿನ ಎರಡು ವರ್ಷ ಬಳ್ಳಾರಿಯಲ್ಲಿ ಉಚಿತ, ಅನಂತಪುರದಲ್ಲಿ ಟಿಕೆಟ್ಟು. ಎರಡೂ ಬಿಸಿಲ ನಾಡು, ಸಂತೆ, ಕೂಲಿ ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಬೆಳಗಾವಿಯವರಿಗೆ ಈ ಅನುಕೂಲ ಇಲ್ಲ. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲೇ ಹೆಂಗಸರಿಗೆ ಅರ್ಧ ಟಿಕೆಟ್ ಮಾಡಿತ್ತು. ಹಾಗಾಗಿ ಯಜಮಾನರಿಗೆ ಹೇಳಿ: ಅನಂತಪುರದ ಹೆಂಗಸರು ಆ ಎರಡು ವರ್ಷ ಏನು ಮಾಡಿದರು ಅಂತ ಗೊತ್ತಾಗುವ ತನಕ ಜಗಳಕ್ಕೆ ಬಿಡುವು.